ಮಿನೊ ಊರಿನ ಕಾಗದದ ಎರೆಹುಳು

ಜಪಾನಿನ ನಗೋಯಾ ಬಿಟ್ಟು ಮಿನೊ-ಓಟಾ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲಿಂದ ಮುಂದೆ ನಾಗರಾಗಾವಾ ರೈಲ್ವೆಯ ಒಂದೇ ಬೋಗಿಯ ಗಾಡಿ. ಜನವರಿ ತಿಂಗಳು. ಕಿಟಕಿಯ ಗಾಜು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಬೆನ್ನಿನ ಚೀಲದಲ್ಲಿ ತಂತಿ, ಬ್ಯಾಟರಿ, ಪುಟ್ಟ ಸರ್ಕ್ಯೂಟ್ ಬೋರ್ಡುಗಳು. ಕಾಗದ ಮಾತ್ರ ಇರಲಿಲ್ಲ. ಕಾಗದಕ್ಕೆ ಹೆಸರಾದ ಮಿನೊ ಊರಿಗೇ ಹೋಗುತ್ತಿದ್ದೆನಲ್ಲ!

ಒರಿಗಾಮಿ, ಅಂದರೆ ಕಾಗದ ಮಡಿಸುವ ಕಲೆ, ಮತ್ತು ರೋಬೋಟ್ ಎರಡನ್ನೂ ಸೇರಿಸಿ ಏನಾದರೂ ಮಾಡಿ ಎಂದು ನಾಲ್ಕು ಜನ ಕಲಾವಿದರನ್ನು ಆರು ವಾರಕ್ಕೆ ಕರೆದಿದ್ದರು. ಉಳಿದುಕೊಂಡಿದ್ದು ಮಿನೊದ ಹಳೇ ಪೇಟೆಯಲ್ಲಿ. ಅಲ್ಲಿನ ಮನೆಗಳ ಮಾಡಿನ ಎರಡೂ ತುದಿಯಲ್ಲಿ ಸಣ್ಣ ಗೋಡೆ ಎದ್ದು ನಿಂತಿರುತ್ತದೆ. ಅದಕ್ಕೆ ಉದಾತ್ಸು ಅನ್ನುತ್ತಾರೆ. ಪಕ್ಕದ ಮನೆಗೆ ಬಿದ್ದ ಬೆಂಕಿ ಈ ಮನೆಗೆ ಹಾರದಿರಲಿ ಅಂತ ಕಟ್ಟಿದ್ದು. ಹಣ ಇದ್ದವರಿಗೆ ಮಾತ್ರ ಅದು ಸಾಧ್ಯ ಇತ್ತು. ಇಲ್ಲಿ ಹಣ ಇದ್ದದ್ದು ಕಾಗದದ ವ್ಯಾಪಾರಿಗಳಿಗೆ. ನಾರಾ ಊರಿನ ಶೋಸೋಇನ್ ಭಂಡಾರದಲ್ಲಿ 702ನೇ ಇಸವಿಯ ಮನೆಗಣತಿಯ ಕಡತವಿದೆ. ಅದನ್ನು ಬರೆದದ್ದು ಮಿನೊ ಸೀಮೆಯ ಕಾಗದದ ಮೇಲೆ.

ನಾನು ಮಾಡಬೇಕೆಂದುಕೊಂಡಿದ್ದು ಕಾಗದದ ಎರೆಹುಳು. ಒರಿಗಾಮಿಯಲ್ಲಿ ವಾಟರ್‌ಬಾಂಬ್ ಅನ್ನುವ ಮಡಿಕೆಯೊಂದಿದೆ. ಅದನ್ನೇ ಸಾಲುಸಾಲಾಗಿ ಮಡಿಸಿ ಕೊಳವೆ ಮಾಡಿದರೆ, ಕುಗ್ಗಿದಾಗ ಕೊಳವೆ ದಪ್ಪಗಾಗುತ್ತದೆ, ಚಾಚಿದಾಗ ಸಪೂರವಾಗುತ್ತದೆ. ಎರೆಹುಳು ಮಣ್ಣಲ್ಲಿ ಸರಿಯುವುದೂ ಹೀಗೇ ಅಲ್ವಾ? ಅಂಥ ಮೂರು ತುಂಡು, ಒಂದೊಂದರ ಒಳಗೂ ನಿಟಿನಾಲ್ ತಂತಿಯ ಸ್ಪ್ರಿಂಗ್. ನಿಕ್ಕಲ್, ಟೈಟೇನಿಯಂ ಸೇರಿದ ಲೋಹ ಅದು. ವಿದ್ಯುತ್ ಹರಿಸಿ ಸುಮಾರು 70 ಡಿಗ್ರಿಗೆ ಬಿಸಿ ಮಾಡಿದರೆ ಮೊದಲೇ ಕಲಿಸಿಟ್ಟ ಆಕಾರಕ್ಕೆ ಕುಗ್ಗುತ್ತದೆ. ಆರಿದ ಮೇಲೆ ಕಾಗದದ ಮಡಿಕೆಯೇ ಅದನ್ನು ಎಳೆದು ಮತ್ತೆ ಉದ್ದ ಮಾಡಬೇಕು. ಅಂದರೆ ಅರ್ಧ ಕೆಲಸ ತಂತಿಯದು, ಅರ್ಧ ಕೆಲಸ ಕಾಗದದ್ದು.

ಕಾಗದದ ಊರಿಗೆ ಬಂದೂ ಮೊದಲ ವಾರ ಮಡಿಸಿದ್ದು ಅಂಗಡಿಯ ಯಂತ್ರದ ಕಾಗದವನ್ನೇ. ಅಭ್ಯಾಸಬಲ. ಆರಾರು ಮಡಿಕೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನಾಲ್ಕು ಯಾಮಾ, ಎರಡು ತಾನಿ. ಯಾಮಾ ಅಂದರೆ ಬೆಟ್ಟ, ಮೇಲೆದ್ದ ಮಡಿಕೆ. ತಾನಿ ಅಂದರೆ ಕಣಿವೆ, ಒಳಗಿಳಿದ ಮಡಿಕೆ. ರಾತ್ರಿ ಎಣಿಸುತ್ತಾ ಮಡಿಸುತ್ತಿದ್ದೆ. ಹುಳು ಚೆನ್ನಾಗಿಯೇ ಹೊರಟಿತು. ಸ್ವಲ್ಪ ಹೊತ್ತಾದ ಮೇಲೆ ಆ ಬಿಂದುಗಳಲ್ಲಿ ತೂತು ಬಿತ್ತು. ತೂತಿನಿಂದ ಸೀಳು. ಒಂದಾದ ಮೇಲೆ ಒಂದು, ಮೂರು ಹುಳು ಹಾಗೇ ಹರಿದವು. ಎರಡು ದಿನ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಹರಿದ ಹುಳುವನ್ನು ಹಿಡಿದು ಹೋದದ್ದು ಇತಾದೋರಿ ನದಿ ಕಡೆಯ, ಕಾಗದ ತಯಾರಿಸುವ ಒಂದು ಮನೆಗೆ. ಅಲ್ಲಿ ವಯಸ್ಸಾದ ಒಬ್ಬ ಅಜ್ಜಿ. ಅವರಿಗೆ ಇಂಗ್ಲಿಷ್ ಬಾರದು, ನನ್ನ ಜಪಾನಿ ಅಂಗಡಿಗೆ ಹೋಗಿಬರುವಷ್ಟು. ಅಜ್ಜಿ ಹುಳುವನ್ನು ಬೆಳಕಿಗೆ ಹಿಡಿದು ಸೀಳನ್ನೇ ನೋಡಿದರು. ನನ್ನ ಕಾಗದದ ಒಂದು ಹಾಳೆಯನ್ನು ಉದ್ದಕ್ಕೆ ಹರಿದರು. ನೇರವಾಗಿ ಹರಿಯಿತು. ಅಡ್ಡಕ್ಕೆ ಹರಿದರು. ಸೊಟ್ಟಸೊಟ್ಟ. ಆಮೇಲೆ ತಮ್ಮದೇ ಒಂದು ಹಾಳೆ ಕೊಟ್ಟು ಹರಿ ಅಂತ ಸನ್ನೆ ಮಾಡಿದರು. ಯಾವ ಕಡೆ ಎಳೆದರೂ ಅದು ಸುಲಭಕ್ಕೆ ಬಗ್ಗಲಿಲ್ಲ. ಹರಿದ ಅಂಚಿನಲ್ಲಿ ಬಿಳಿ ನಾರು ಕೂದಲಿನ ಹಾಗೆ ಹೊರಗೆ ನಿಂತಿತ್ತು.

ಕಾರಣವನ್ನು ಮರುದಿನ ನನ್ನ ಕೈಗೇ ತೋರಿಸಿದರು. ಕೋಝೊ ಗಿಡದ ತೊಗಟೆ ಬೇಯಿಸಿ, ತಣ್ಣೀರಲ್ಲಿ ಕೂತು ಒಂದೊಂದೇ ಕಸ ಆರಿಸಿ, ಬಡಿದು ನಾರು ಬಿಡಿಸುತ್ತಾರೆ. ಈ ನಾರು ಸುಮಾರು ಒಂದು ಸೆಂಟಿಮೀಟರ್ ಉದ್ದ, ಮರದ ತಿರುಳಿನ ನಾರಿಗಿಂತ ಎಷ್ಟೋ ಪಾಲು ಜಾಸ್ತಿ. ಯಂತ್ರದಲ್ಲಿ ನಾರು ಓಡುವ ದಿಕ್ಕಿಗೇ ಮಲಗುತ್ತದೆ. ಮಿನೊದಲ್ಲಿ ಬಿದಿರಿನ ಜಾಲರಿಯನ್ನು ಹಿಂದೆಮುಂದೆ ಅಲ್ಲಾಡಿಸಿ, ಆಮೇಲೆ ಎಡಬಲಕ್ಕೂ ತೂಗುತ್ತಾರೆ. ನಾರು ಎರಡೂ ಕಡೆಯಿಂದ ಹೆಣೆದುಕೊಳ್ಳುತ್ತದೆ. ನಾನು ತೂಗಿದ ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಿಂಡಿ. ಅಜ್ಜಿ ಹಿಂದೆ ನಿಂತು ನನ್ನ ಮೊಣಕೈ ಹಿಡಿದು ತೂಗಿಸಿದರು. ತೊಟ್ಟಿಲು ತೂಗಿದ ಹಾಗೆ.

ತೊಟ್ಟಿಯ ನೀರಿಗೆ ಒಂದು ಲೋಳೆ ಬೆರೆಸುತ್ತಾರೆ. ನಾರು ತಳಕ್ಕೆ ಕೂರದೆ ತೇಲುತ್ತಿರಲಿ ಅಂತ. ತೊರೊರೊ-ಆಓಯ್ ಗಿಡದ ಬೇರಿನದು. ಕೈಗೆ ಹತ್ತಿದ ಕೂಡಲೇ ಅದು ನನಗೆ ಗೊತ್ತಿದ್ದ ಜಾರು ಅನ್ನಿಸಿತು. ವಿಚಾರಿಸಿದರೆ ಅದು ಬೆಂಡೆಯ ನೆಂಟ! ನಮ್ಮ ಮಂಡ್ಯದ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವಾಗ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಅಲ್ಲಿ ಕೊಳೆ ಎತ್ತುವ ಲೋಳೆ, ಇಲ್ಲಿ ನಾರು ಎತ್ತುವ ಲೋಳೆ. ಅದಕ್ಕೆ ಅವರ ಹೆಸರು ನೆರಿ. ಸೀರೆಯ ನೆರಿಗೆ ನೆನಪಾಗಿ, ಆ ಮಾತನ್ನು ಯಾರಿಗೂ ಹೇಳಲಾಗದೆ ನನ್ನಷ್ಟಕ್ಕೆ ಖುಷಿಪಟ್ಟೆ. ಚಳಿಗಾಲವೇ ಯಾಕೆ ಅಂತಲೂ ಆಗ ತಿಳಿಯಿತು. ನೀರು ಬೆಚ್ಚಗಾದರೆ ನೆರಿಯ ಜಿಗುಟು ಹೋಗಿಬಿಡುತ್ತದೆ.

ನಡುವೆ ಒಂದು ಭಾನುವಾರ ಇನುಯಾಮಾ ಊರಿಗೆ ಹೋಗಿ ಚಹಾ ಒಯ್ಯುವ ಕರಕುರಿ ಬೊಂಬೆ, ಅಂದರೆ ಯಂತ್ರದ ಬೊಂಬೆ, ನೋಡಿದೆ. ಕೈಯ ತಟ್ಟೆಯಲ್ಲಿ ಬಟ್ಟಲು ಇಟ್ಟರೆ ನಡೆಯುತ್ತದೆ, ತೆಗೆದರೆ ನಿಲ್ಲುತ್ತದೆ. ಹಳೆಯ ಬೊಂಬೆಗಳ ಸ್ಪ್ರಿಂಗ್ ತಿಮಿಂಗಿಲದ ಬಾಯಿಯ ಪಟ್ಟಿಯಿಂದ ಮಾಡಿದ್ದು. ಇಂಥ ಬೊಂಬೆ ಮಾಡುವ ಬಗೆಯನ್ನು ಚಿತ್ರ ಸಮೇತ ಹೇಳುವ ಪುಸ್ತಕ ಬಂದದ್ದು 1796ರಲ್ಲಿ. ಒಂದೇ ಹಾಳೆಯಿಂದ ಹಲವು ಕೊಕ್ಕರೆ ಮಡಿಸುವುದನ್ನು ಕಲಿಸುವ ಪುಸ್ತಕ ಬಂದದ್ದು 1797ರಲ್ಲಿ. ಒಂದೇ ವರ್ಷದ ಅಂತರ. ಒರಿಗಾಮಿಗೂ ರೋಬೋಟಿಗೂ ಈಗ ಹೊಸದಾಗಿ ನೆಂಟಸ್ತನ ಬೆಳೆಯುತ್ತಿದೆ ಅಂದುಕೊಂಡಿದ್ದೆ. ಈ ನಾಡಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಬೆಳೆದಿವೆ. ಆ ಕೊಕ್ಕರೆಗಳು ರೆಕ್ಕೆಯ ತುದಿಯಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಅಂಟಿಕೊಂಡಿರುತ್ತವೆ. ಅಜ್ಜಿ ಅಂಥದ್ದೊಂದು ಜೋಡಿಯನ್ನು ಮಡಿಸಿ, ಒಂದನ್ನು ಹಿಡಿದು ಇನ್ನೊಂದನ್ನು ಜೋತುಬಿಟ್ಟು ತೋರಿಸಿದರು. ನನ್ನ ಹುಳು ಹರಿದದ್ದೂ ಅಂಥ ಬಿಂದುವಿನಲ್ಲೇ.

ನಾಲ್ಕನೇ ಹುಳು ಅಜ್ಜಿಯ ಕಾಗದದ್ದು. ಹಾಳೆಗೆ ಕೊನ್ಯಾಕು ಗೆಡ್ಡೆಯ ಅಂಟು ಬಳಿಯಲು ಹೇಳಿದರು. ಅದು ಕಾಗದವನ್ನು ಗಟ್ಟಿ ಮಾಡುತ್ತದೆ. ನಮ್ಮ ಸುವರ್ಣಗಡ್ಡೆಯ ಜಾತಿಯದೇ ಅದೂ. ಅಡುಗೆಮನೆಯ ಸಾಮಾನಿನಿಂದಲೇ ನನ್ನ ರೋಬೋಟ್ ತಯಾರಾಗುತ್ತಿತ್ತು.

ಬಿಸಿಮಾಡಿದ ಕಾರ್ಯಾಗಾರದಲ್ಲಿ ಹುಳು ಸೀಳಲಿಲ್ಲ, ಆದರೆ ನಡಿಗೆ ಬಹಳ ನಿಧಾನ. ತಂತಿ ಬೇಗ ಬಿಸಿಯಾಗುತ್ತಿತ್ತು, ಆರುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಹೊರಡುವ ಹಿಂದಿನ ದಿನ ಅಜ್ಜಿಗೆ ತೋರಿಸಲು ಒಯ್ದೆ. ಕಾಗದ ಒಣಗಿಸುವ ಅಗಲವಾದ ತೋಚಿ ಮರದ ಹಲಗೆಯನ್ನು ಅಂಗಳದಲ್ಲಿ ಮಲಗಿಸಿ, ಅದರ ಮೇಲೆ ಬಿಟ್ಟೆವು. ಆ ಚಳಿಗೆ ತಂತಿ ಥಟ್ಟನೆ ಆರಿತು. ಕುಗ್ಗಿತು, ಚಾಚಿತು, ಮತ್ತೆ ಕುಗ್ಗಿತು. ಹಲಗೆಯ ಈ ತುದಿಯಿಂದ ಆ ತುದಿಗೆ ಹೋಗಿಯೇ ಹೋಯಿತು. ಅಜ್ಜಿ ಹಲಗೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಸರಿಯುತ್ತಾ ಅದರ ಜೊತೆಗೇ ಬಂದರು. ತುದಿಯಲ್ಲಿ ಅಂಗೈ ಚಾಚಿದರು. ಹುಳು ಕೈಮೇಲೆ ಹತ್ತಿತು.

ಊರಿಗೆ ಬರುವಾಗ ತಂತಿ ಬಿಚ್ಚಿ, ಹುಳುವನ್ನು ಚಪ್ಪಟೆ ಮಾಡಿ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡು ಬಂದೆ. ಮಂಡ್ಯದಲ್ಲಿ ಈಗ ಏಪ್ರಿಲ್ ಸೆಕೆ. ಸಂಜೆ ತಂತಿ ಮತ್ತೆ ಜೋಡಿಸಿ ಜಗಲಿಯ ಮೇಲೆ ಬಿಟ್ಟರೆ ಹುಳು ಒಂದು ಸಲ ಕುಗ್ಗಿ ಹಾಗೇ ಕೂತುಬಿಡುತ್ತದೆ. ಅಮ್ಮ ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಾಳೆ. ಆಗ ಮೆಲ್ಲಗೆ ಚಾಚುತ್ತದೆ.