ಬಾನೆಟ್ ಮೇಲೆ

ಬೆಳಿಗ್ಗೆ ಕಾರಿನ ಬಾನೆಟ್ ಮೇಲೆ ತರಕಾರಿ ಚೀಲ ಇಟ್ಟು ಬೀಗದ ಕೈ ಹುಡುಕುತ್ತಿದ್ದೆ. "ಗೀರು ಬೀಳುತ್ತದೆ, ತೆಗೆ ಮಾರಾಯ್ತಿ!" ಎಂದು ಯಜಮಾನರು ಒಳಗಿನಿಂದಲೇ ಕೂಗಿದರು.

ಎರಡು ಕಿಲೋ ಈರುಳ್ಳಿಗೆ ಇಷ್ಟು ಗಲಾಟೆ.

ನನಗೆ ಅಮೆರಿಕದ ನಟಿ ಟಾನಿ ಕಿಟೇನ್ ನೆನಪಾದಳು. 1987ರಲ್ಲಿ ಬಂದ ವೈಟ್‌ಸ್ನೇಕ್ ಎಂಬ ರಾಕ್ ತಂಡದ 'ಹಿಯರ್ ಐ ಗೋ ಅಗೇನ್' ಹಾಡಿನ ವಿಡಿಯೊ. ಪಕ್ಕಪಕ್ಕದಲ್ಲಿ ಎರಡು ಜಾಗ್ವಾರ್ ಕಾರುಗಳು, ಒಂದು ಬಿಳಿ, ಒಂದು ಕಪ್ಪು. ಕೆಂಗೂದಲಿನ ಈ ಹುಡುಗಿ ತೆಳುವಾದ ಬಿಳಿ ಉಡುಪಿನಲ್ಲಿ ಅವುಗಳ ಬಾನೆಟ್ ಮೇಲೆ ಆರಾಮವಾಗಿ ಲಾಗ ಹಾಕುತ್ತಾಳೆ. ಒಂದು ಕಾರು ಆ ತಂಡದ ಗಾಯಕ ಡೇವಿಡ್ ಕವರ್‌ಡೇಲ್‌ನದೇ. ಪಾಪ, ಆತ ಗೀರಿನ ಮಾತೆತ್ತಿದನೋ ಇಲ್ಲವೋ! 1989ರಲ್ಲಿ ಅವಳನ್ನೇ ಮದುವೆಯಾದ. ಎರಡೇ ವರ್ಷ, ಮುರಿದುಬಿತ್ತು.

ಅದಕ್ಕೂ ಮೊದಲು, 1984ರಲ್ಲೇ, ಟಾಮ್ ಹ್ಯಾಂಕ್ಸ್‌ಗೆ ನಾಯಕಿಯಾಗಿದ್ದವಳು. ಅದೇ ವರ್ಷ ರ‍್ಯಾಟ್ ಎಂಬ ರಾಕ್ ತಂಡದ ಆಲ್ಬಮ್ ಮುಖಪುಟದಲ್ಲೂ ಇದ್ದಳು. ಅದನ್ನೆಲ್ಲ ಯಾರು ಕೇಳುತ್ತಾರೆ? 2021ರ ಮೇ ತಿಂಗಳಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಸುದ್ದಿಯ ತುಂಬ ಅದೇ ಬಾನೆಟ್.

ಅಂದ ಹಾಗೆ, ಬೀಗದ ಕೈ ಈರುಳ್ಳಿಯ ಕೆಳಗೇ ಇತ್ತು.