ಕಾಸು ಯಾವಾಗಲೂ ಅವರಿಗೇ ಬೀಳುತ್ತದೆ

"ಕುಸ್ತ್ಯಾಗ ಕಾಸು ಯಾಕೆ ಹಾರಿಸ್ತಾರ?" ಅಂತ ಅಪ್ಪ ಕೇಳಿದಾಗ ನಾನು ತಲೆ ಕೆರೆದುಕೊಂಡೆ. ಉತ್ತರ ಗೊತ್ತಿದ್ದದ್ದು ಪಕ್ಕದ ಮನೆಯ ಅಜ್ಜನಿಗೆ.

ಇದು 2023ರ ನವೆಂಬರ್ ಮಾತು. ಅಪ್ಪ ದಾವಣಗೆರೆಯಿಂದ ಆರು ತಿಂಗಳ ಮಟ್ಟಿಗೆ ಇಲ್ಲಿಗೆ, ಅಂದರೆ ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ಗೆ ಬಂದಿದ್ದರು. ಬೆಳಿಗ್ಗೆ ನಾನು, ಹೆಂಡತಿ ಆಫೀಸಿಗೆ, ಮಗ ಸ್ಕೂಲಿಗೆ. ಅಪ್ಪ ಒಬ್ಬರೇ. ವಾಕಿಂಗ್ ಅಂತ ಹೊರಟರೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಮಾತಿಗೆ ಸಿಕ್ಕವರು ಪಕ್ಕದ ಮನೆಯ ಅಜ್ಜ ಒಬ್ಬರೇ. ಎಪ್ಪತ್ತೈದರ ಹತ್ತಿರದ ವಯಸ್ಸು. ಅವರು ಎಳೆದೆಳೆದು ಆಡುವ ಈ ಕಡೆಯ ಇಂಗ್ಲಿಷ್ ಹದಿನಾಲ್ಕು ವರ್ಷವಾದರೂ ನನಗೇ ಅರ್ಧ ತಿಳಿಯುವುದಿಲ್ಲ. ಅಪ್ಪನ ಇಂಗ್ಲಿಷ್ ಹತ್ತಿ ಗಿರಣಿಯಲ್ಲಿ ಕಲಿತದ್ದು. ಇವರಿಬ್ಬರು ದಿನಾ ಒಂದು ಗಂಟೆ ಏನು ಮಾತಾಡುತ್ತಾರೆ ಅಂತ ನನಗೆ ಆಶ್ಚರ್ಯ.

ಒಂದು ದಿನ ಕಿವಿಗೊಟ್ಟೆ. "ರಿಂಗ್ ಫ್ರೇಮ್" ಅಂದರು ಅಪ್ಪ. "ಡಾಫಿಂಗ್" ಅಂದರು ಅಜ್ಜ. "ಬಾಬಿನ್, ಕಾರ್ಡಿಂಗ್, ನೈಟ್ ಶಿಫ್ಟ್." ಇಬ್ಬರೂ ಗಿರಣಿಯವರು! ಅಪ್ಪ ದಾವಣಗೆರೆಯ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ನೂಲು ತೆಗೆದವರು, ಅಜ್ಜ ಈ ಭಾಗದ ಗಿರಣಿಯೊಂದರಲ್ಲಿ ಮೂವತ್ತು ವರ್ಷ. ಎರಡೂ ಮುಚ್ಚಿವೆ.

ಶಾರ್ಲಟ್‌ನಿಂದ ಅರ್ಧ ಗಂಟೆ ದಾರಿಯಲ್ಲಿ ಕನ್ನಾಪೊಲಿಸ್ ಅಂತ ಒಂದು ಊರಿದೆ. ಹೊಸದಾಗಿ ಬಂದ ಕನ್ನಡಿಗರೆಲ್ಲ ಆ ಬೋರ್ಡ್ ನೋಡಿ ಒಂದೇ ಜೋಕ್ ಮಾಡುತ್ತಾರೆ, ನಾನೂ ಮಾಡಿದ್ದೆ. ಟವೆಲ್ಲು, ಬೆಡ್‌ಶೀಟಿಗೆ ಹೆಸರಾಗಿದ್ದ ಊರು ಅದು. 2003ರ ಜುಲೈ 30ರಂದು ಗಿರಣಿ ಮುಚ್ಚಿತು. ಆ ಒಂದೇ ದಿನ ಈ ರಾಜ್ಯದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಈಗ ಅಲ್ಲಿ ಸಂಶೋಧನಾ ಕೇಂದ್ರದ ಗಾಜಿನ ಕಟ್ಟಡಗಳಿವೆ. ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕಾರಿನಿಂದ ಇಳಿಯಲಿಲ್ಲ. "ನಮ್ ಊರಾಗೆ ಸೈಟ್ ಮಾಡಿ ಮಾರಿದ್ರು. ಇಲ್ಲಿ ಗ್ಲಾಸ್ ಹಾಕ್ಯಾರ" ಅಂದರು, ಅಷ್ಟೇ.

ಕುಸ್ತಿಗೆ ಬರುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಮಗ ಟಿವಿಯಲ್ಲಿ ಇಲ್ಲಿನ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇಯ ಸರ್ವೈವರ್ ಸಿರೀಸ್ ಅನ್ನುವ ಕಾರ್ಯಕ್ರಮ ಹಾಕಿಕೊಂಡು ಕೂತಿದ್ದ. ಅಜ್ಜ ಉಳಿದ ಪೈ ಕೊಡಲು ಬಂದವರು ಅಲ್ಲೇ ಕೂತುಬಿಟ್ಟರು. ಅಪ್ಪ ಗರಡಿ ಮನೆಯಲ್ಲಿ ಸಾಮು ಮಾಡಿದವರು. ದುಗ್ಗಮ್ಮನ ಜಾತ್ರೆಯ ಬಯಲು ಜಂಗಿ ಕುಸ್ತಿಯನ್ನು ಒಂದು ಸಲವೂ ತಪ್ಪಿಸಿದವರಲ್ಲ. ಚಿಕ್ಕವನಿದ್ದಾಗ ನಾನು ಡಬ್ಲ್ಯೂಡಬ್ಲ್ಯೂಎಫ್ (ಡಬ್ಲ್ಯೂಡಬ್ಲ್ಯೂಇಯ ಹಳೇ ಹೆಸರು) ಕಾರ್ಡ್ ಹಿಡಿದು ಎತ್ತರ, ತೂಕ, ಬೈಸೆಪ್ಸ್ ಅಂತ ಪೈಪೋಟಿಗೆ ಕೂತರೆ "ಅದು ಕುಸ್ತಿ ಅಲ್ಲಲೇ, ನಾಟಕ" ಅಂತ ಬೈಯುತ್ತಿದ್ದರು. ಈಗ ಮೊಮ್ಮಗನ ಮುಂದೆ ಅದೇ ಮಾತು ಶುರು ಮಾಡಿದರು. "ಜೋಡಿ ಕಟ್ಟಿದ ಮ್ಯಾಲೆ ಮಟ್ಟಿಯೊಳಗ ಇಬ್ರೇ. ಮೂರನೇಯವ ಕಾಲಿಟ್ರ ಜನ ಬಿಡಂಗಿಲ್ಲ. ಇದೇನಿದು, ಸಂತಿ?"

ಸಂತೆಯೇ ಸರಿ. ಆವತ್ತಿನ ಕೊನೆಯ ಪಂದ್ಯ ವಾರ್‌ಗೇಮ್ಸ್. ಎರಡು ರಿಂಗ್ ಅಕ್ಕಪಕ್ಕ, ಎರಡಕ್ಕೂ ಸೇರಿ ಒಂದು ಕಬ್ಬಿಣದ ಪಂಜರ. ಎರಡು ತಂಡ, ಐದೈದು ಜನ. ಎಲ್ಲರೂ ಒಟ್ಟಿಗೆ ಒಳಗೆ ಹೋಗುವುದಿಲ್ಲ. ಮೊದಲು ಒಬ್ಬೊಬ್ಬರು. ಐದು ನಿಮಿಷವಾದ ಮೇಲೆ ಒಂದು ತಂಡದಿಂದ ಇನ್ನೊಬ್ಬ. ಆಗ ಇಬ್ಬರ ಎದುರು ಒಬ್ಬ. ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದ ಒಬ್ಬ ಬಂದು ಸಮ. ಮತ್ತೆ ಈ ಕಡೆಯಿಂದ ಒಬ್ಬ, ಮೂವರಿಗೆ ಇಬ್ಬರು. ಹತ್ತೂ ಜನ ಸೇರುವವರೆಗೆ ಒಂದು ತಂಡದಲ್ಲಿ ಸದಾ ಒಬ್ಬ ಜಾಸ್ತಿ. ಯಾವ ತಂಡಕ್ಕೆ ಈ ಲಾಭ? ಅದನ್ನು ತೀರ್ಮಾನಿಸಲು ಹಿಂದೆ ಕಾಸು ಹಾರಿಸುತ್ತಿದ್ದರು. ಈಗ ಅದೇ ವಾರ ಒಂದು ಪಂದ್ಯ ಇಡುತ್ತಾರೆ. ಆ ವರ್ಷ ಡ್ರೂ ಮ್ಯಾಕಿಂಟೈರ್, ಜೇ ಉಸೋನನ್ನು ಸೋಲಿಸಿ ಕೆಟ್ಟವರ ತಂಡಕ್ಕೆ ಅದನ್ನು ಗೆದ್ದುಕೊಟ್ಟಿದ್ದ.

ಅಜ್ಜ ಇದನ್ನೆಲ್ಲ ಬಿಡಿಸಿ ಹೇಳಿದರು, ನಾನು ಅಪ್ಪನಿಗೆ ಕನ್ನಡದಲ್ಲಿ ದಾಟಿಸಿದೆ. ಕೊನೆಗೆ ಅಜ್ಜ ಒಂದು ಕ್ವಾರ್ಟರ್ ಕಾಸು, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯ, ಮೇಲಕ್ಕೆ ಚಿಮ್ಮಿಸಿ ಹಿಡಿದರು. "ಸರ್, ಹಳೇ ಕಾಲದಲ್ಲಿ ನಾನು ಎಷ್ಟೋ ವಾರ್‌ಗೇಮ್ಸ್ ನೋಡಿದ್ದೇನೆ. ಕಾಸು ಯಾವಾಗಲೂ ಕೆಟ್ಟವರಿಗೇ ಬೀಳುತ್ತಿತ್ತು."

ಅಪ್ಪ ಜೋರಾಗಿ ನಕ್ಕರು. ಆ ನಗು ಕುಸ್ತಿಗಲ್ಲ ಅಂತ ನನಗೆ ಆಮೇಲೆ ಹೊಳೆಯಿತು.

ಕಾಸು ಹಾಗೆ ಬೀಳಲು ಕಾರಣ ಸುಲಭ. ಇಬ್ಬರು ಒಳ್ಳೆಯವರು ಸೇರಿ ಒಬ್ಬ ಕೆಟ್ಟವನನ್ನು ಚಚ್ಚಿದರೆ ಅಯ್ಯೋ ಪಾಪ ಅನ್ನಿಸುವುದು ಕೆಟ್ಟವನ ಮೇಲೇ. ಕಥೆ ಅಲ್ಲಿಗೇ ಸತ್ತುಹೋಗುತ್ತದೆ. ಬೇಬಿಫೇಸ್, ಅಂದರೆ ಈ ಆಟದ ಒಳ್ಳೆಯವನು, ಒಬ್ಬನೇ ಹೊಡೆತ ತಿನ್ನಬೇಕು. ಹೀಲ್, ಅಂದರೆ ಕೆಟ್ಟವನು, ಗುಂಪಿನಲ್ಲೇ ಬರಬೇಕು. ಗುಂಪು ಕಟ್ಟಿಕೊಂಡು ಬಂದವನು ಒಳಗೊಳಗೇ ಪುಕ್ಕಲ ಅಂತ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವಾರ್‌ಗೇಮ್ಸ್ ಕಲ್ಪನೆ ಡಸ್ಟಿ ರೋಡ್ಸ್ ಅನ್ನುವ ಕುಸ್ತಿಪಟುವಿನದು. ಮೊದಲ ಪಂದ್ಯ ನಡೆದದ್ದು 1987ರ ಜುಲೈ 4ರಂದು, ಅಟ್ಲಾಂಟಾದ ಓಮ್ನಿಯಲ್ಲಿ. ನಡೆಸಿದ್ದು ಶಾರ್ಲಟ್‌ನದೇ ಕಂಪನಿ, ಜಿಮ್ ಕ್ರಾಕೆಟ್ ಪ್ರಮೋಷನ್ಸ್. ನಮ್ಮಲ್ಲಿ ಬಹಳ ಜನಕ್ಕೆ ಈ ಊರು ಅಂದರೆ ಬ್ಯಾಂಕು, ಐಟಿ ಅಷ್ಟೇ. ಒಂದು ಕಾಲಕ್ಕೆ ಇದು ಕುಸ್ತಿಯ ಊರೂ ಆಗಿತ್ತು. ಆ ಕಾಲದ ಚಾಂಪಿಯನ್ ರಿಕ್ ಫ್ಲೇರ್ ವಾಸವಿದ್ದದ್ದು ಇಲ್ಲೇ. ನಾನು ದಿನಾ ದಾಟಿ ಹೋಗುವ ಮೆಮೋರಿಯಲ್ ಸ್ಟೇಡಿಯಂನಲ್ಲಿ 1985ರ ಜುಲೈಯಲ್ಲಿ ಗ್ರೇಟ್ ಅಮೆರಿಕನ್ ಬ್ಯಾಷ್ ಅನ್ನುವ ದೊಡ್ಡ ಕುಸ್ತಿ ಕಾರ್ಯಕ್ರಮ ಮೊದಲ ಸಲ ನಡೆಯಿತಂತೆ. ಅಜ್ಜ ಹೋಗಿದ್ದರು.

ಡಸ್ಟಿ ನೋಡಲು ಪೈಲ್ವಾನನಂತೆ ಇರಲಿಲ್ಲ. ಡೊಳ್ಳು ಹೊಟ್ಟೆ, ತೊದಲು ಮಾತು. ಪ್ಲಂಬರ್ ಮಗ ಅಂತ ತಾನೇ ಹೇಳಿಕೊಳ್ಳುತ್ತಿದ್ದ. ಫ್ಲೇರ್ ಇದಕ್ಕೆ ತದ್ವಿರುದ್ಧ. ದುಬಾರಿ ಸೂಟು, ರೋಲೆಕ್ಸ್ ವಾಚು, ಜೊತೆಗೆ ಮುಂದೆ ಫೋರ್ ಹಾರ್ಸ್‌ಮೆನ್ ಅಂತ ಹೆಸರಾದ ಗುಂಪು. 1985ರ ಸೆಪ್ಟೆಂಬರ್ ಕೊನೆಗೆ ಅದೇ ಓಮ್ನಿಯಲ್ಲಿ ಒಂದು ಪಂಜರದ ಪಂದ್ಯವಿತ್ತು. ಫ್ಲೇರ್ ಮೇಲೆ ಎದುರಾಳಿಯ ಕಡೆಯವರು ಮುಗಿಬಿದ್ದರು. ಡಸ್ಟಿ ಓಡಿಬಂದು ಫ್ಲೇರನ್ನು ಬಿಡಿಸಿದ. ಅಷ್ಟಾದ ಮೇಲೆ ಫ್ಲೇರ್ ಏನು ಮಾಡಿದ? ತನ್ನ ಗುಂಪಿನ ಆಂಡರ್‌ಸನ್ ಜೋಡಿಯನ್ನು ಸೇರಿಸಿಕೊಂಡು, ಪಂಜರದ ಬಾಗಿಲು ಹಾಕಿಸಿ, ಕಾಪಾಡಿದವನ ಕಾಲನ್ನೇ ಮುರಿದ. ಕಥೆಯಲ್ಲಿ, ಅನ್ನಿ. ಅಜ್ಜ ಹೇಳುವಾಗ ಮಾತ್ರ ಅದು ಕಥೆ ಆಗಿರಲಿಲ್ಲ.

ಕಾಲು ಮುರಿಸಿಕೊಂಡ ಡಸ್ಟಿ ಕೆಲವು ವಾರದ ಮೇಲೆ ಟಿವಿಗೆ ಬಂದು ಮೂರ್ನಾಲ್ಕು ನಿಮಿಷ ಮಾತಾಡಿದ. ಅದನ್ನು ಜನ ಇವತ್ತಿಗೂ 'ಹಾರ್ಡ್ ಟೈಮ್ಸ್' ಭಾಷಣ ಅನ್ನುತ್ತಾರೆ. ತನ್ನ ಕಾಲಿನ ಮಾತು ಬಿಟ್ಟು ಅವನು ಕಷ್ಟಕಾಲ ಅಂದರೇನು ಅಂತ ಹೇಳಿದ. ಕೆಲಸ ಹೋಗಿ ಮಕ್ಕಳಿಗೆ ಊಟ ಹಾಕಲಾರದ ಬಟ್ಟೆ ಗಿರಣಿಯವರದು ಕಷ್ಟಕಾಲ. ಮೂವತ್ತು ವರ್ಷ ದುಡಿದವನ ಕೈಗೆ ಒಂದು ವಾಚ್ ಕೊಟ್ಟು, ನಿನ್ನ ಜಾಗಕ್ಕೆ ಕಂಪ್ಯೂಟರ್ ಬಂತು ಹೋಗು ಅಂದರೆ ಅದು ಕಷ್ಟಕಾಲ. ಆವತ್ತು ಗಿರಣಿಯ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ ಅಂತ ಅಜ್ಜ ನೆನೆಸಿಕೊಂಡರು.

ಇದನ್ನು ಅಪ್ಪನಿಗೆ ಅನುವಾದಿಸುತ್ತಾ ಕಂಪ್ಯೂಟರ್ ಅನ್ನುವಲ್ಲಿ ಒಂದು ಕ್ಷಣ ತಡವರಿಸಿದೆ. ನನ್ನ ಕೆಲಸ ಅದೇ. ನಾಲ್ಕು ಜನ ಕೂತು ತಾಳೆ ನೋಡುತ್ತಿದ್ದ ಲೆಕ್ಕವನ್ನು ರಾತ್ರಿ ತಾನೇ ಮುಗಿಸುವ ಪ್ರೋಗ್ರಾಂ ಬರೆಯುತ್ತೇನೆ. ಡಸ್ಟಿಯ ಕಥೆಯಲ್ಲಿ ನಾನು ಯಾವ ಕಡೆಯವನು? ಅಪ್ಪ ಏನೂ ಅನ್ನಲಿಲ್ಲ. ಅವರ ಗಿರಣಿ ಬಿದ್ದ ಮೇಲೆ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂತು ದುಡಿದ ಹಣದಿಂದ.

ಡಸ್ಟಿ ಆ ಕಂಪನಿಯ ಬುಕರ್ ಕೂಡ ಆಗಿದ್ದ, ಅಂದರೆ ಯಾರು ಗೆಲ್ಲಬೇಕು ಅಂತ ಬರೆಯುವವನು. ತಾನೇ ಬರೆದ ಕಥೆಗೆ ತಾನೇ ಹೀರೋ. ನಮ್ಮಲ್ಲೂ ಇಂಥವರು ಇಲ್ಲವೇ, ಬಿಡಿ. ಆದರೂ ತನಗೆ ಗೆಲುವನ್ನು ಸುಲಭಕ್ಕೆ ಕೊಟ್ಟುಕೊಳ್ಳಲಿಲ್ಲ. ಆ ನವೆಂಬರಿನಲ್ಲಿ ಇಲ್ಲೇ ಹತ್ತಿರದ ಗ್ರೀನ್ಸ್‌ಬರೊದಲ್ಲಿ ಫ್ಲೇರನ್ನು ನೆಲಕ್ಕೊತ್ತಿ, ಮೂರು ಎಣಿಸುವವರೆಗೆ ಹಿಡಿದು ಸೋಲಿಸಿದ. ಜನ ಕುಣಿದರು. ಆಮೇಲೆ ಫ್ಲೇರ್ ಕಡೆಯವರು ನಡುವೆ ಕೈಹಾಕಿದ್ದರಿಂದ ಅದು ಡಿಸ್‌ಕ್ವಾಲಿಫಿಕೇಶನ್, ಚಾಂಪಿಯನ್ ಬೆಲ್ಟ್ ಫ್ಲೇರ್‌ಗೇ ಅಂತ ತೀರ್ಪಾಯಿತು. ಅವರದೇ ತಪ್ಪಿನಿಂದ ಅವರಿಗೇ ಲಾಭ! ಬೆಲ್ಟ್ ಸಿಗಲು ಮುಂದಿನ ಜುಲೈವರೆಗೆ ಕಾಯಬೇಕಾಯಿತು. ಅದೂ ಎರಡು ವಾರ ಮಾತ್ರ ಉಳಿಯಿತು.

ಒಬ್ಬ ಹಲವರನ್ನು ಗೆಲ್ಲುವ ಕಥೆಯನ್ನು ಕೆಡಿಸುವುದು ಬಹಳ ಸುಲಭ. ಡಬ್ಲ್ಯೂಡಬ್ಲ್ಯೂಇಯ 2010ರ ಸಮ್ಮರ್‌ಸ್ಲ್ಯಾಮ್ ಕಾರ್ಯಕ್ರಮ ನೋಡಿ. ಆಗ ನಾನು ಈ ದೇಶಕ್ಕೆ ಬಂದು ಒಂದು ವರ್ಷ, ರೂಂಮೇಟ್‌ಗಳ ಜೊತೆ ನೋಡಿದ್ದೆ. ನೆಕ್ಸಸ್ ಅನ್ನುವ ಹೊಸ ಹುಡುಗರ ಗುಂಪು ಎರಡು ತಿಂಗಳಿಂದ ಸಿಕ್ಕಿದವರನ್ನೆಲ್ಲ ಹೊಡೆದು ಹಾಕಿತ್ತು, ನಿಜಕ್ಕೂ ಭಯ ಹುಟ್ಟಿಸಿತ್ತು. ಏಳು ಏಳು ಜನರ ಪಂದ್ಯ, ಸೋತವನು ಹೊರಗೆ. ಕೊನೆಗೆ ಜಾನ್ ಸೀನ ಒಬ್ಬನೇ, ಎದುರಿಗೆ ವೇಡ್ ಬ್ಯಾರೆಟ್ ಮತ್ತು ಜಸ್ಟಿನ್ ಗೇಬ್ರಿಯಲ್. ರಿಂಗಿನ ಹೊರಗೆ ಬರೀ ಕಾಂಕ್ರೀಟ್ ಮೇಲೆ ಸೀನನ ತಲೆ ಕುಟ್ಟಿದರು. ಅವನು ಒಳಗೆ ಬಂದು, ಸ್ವಲ್ಪ ಹೊತ್ತಿನಲ್ಲೇ ಇಬ್ಬರನ್ನೂ ಸೋಲಿಸಿ ಎದ್ದು ನಿಂತ. ನಮ್ಮ ರೂಮಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೆಕ್ಸಸ್ ಆವತ್ತೇ ಅರ್ಧ ಮುಗಿಯಿತು. ಹೀರೋಗೆ ನೋವೇ ಆಗದಿದ್ದರೆ ಎದುರಿಗೆ ಇಬ್ಬರಿದ್ದರೇನು, ಇಪ್ಪತ್ತು ಜನ ಇದ್ದರೇನು?

ನನ್ನ ಪ್ರಕಾರ ಇಂಥದ್ದರಲ್ಲಿ ಎಲ್ಲಕ್ಕಿಂತ ಚೆನ್ನಾದದ್ದು ಹೀರೋ ಸೋತ ಪಂದ್ಯ. 2003ರ ಸರ್ವೈವರ್ ಸಿರೀಸ್, ಡಲ್ಲಾಸ್. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್‌ನ ತಂಡ ಸೋತರೆ ಅವನ ಕೆಲಸ ಹೋಗುತ್ತದೆ ಅಂತ ಷರತ್ತು. ತಂಡದಲ್ಲಿ ಉಳಿದದ್ದು ಶಾನ್ ಮೈಕಲ್ಸ್ ಒಬ್ಬನೇ. ಎದುರಿಗೆ ಮೂವರು: ಕ್ರಿಶ್ಚಿಯನ್, ಕ್ರಿಸ್ ಜೆರಿಕೊ, ರ‍್ಯಾಂಡಿ ಆರ್ಟನ್. ಮೈಕಲ್ಸ್ ಮುಖವೆಲ್ಲ ರಕ್ತ, ನಿಲ್ಲಲು ತ್ರಾಣವಿಲ್ಲ. ಆ ಸ್ಥಿತಿಯಲ್ಲೇ ಕ್ರಿಶ್ಚಿಯನ್‌ನನ್ನು ಹೊರಹಾಕಿದ. ಜೆರಿಕೊನನ್ನೂ ಹಾಕಿದ. ಇನ್ನು ಆರ್ಟನ್ ಒಬ್ಬನೇ ಅನ್ನುವಾಗ ಪಂದ್ಯದಲ್ಲೇ ಇಲ್ಲದ ಬಟಿಸ್ಟಾ ಬಂದು ಮೈಕಲ್ಸ್‌ನನ್ನು ಎತ್ತಿ ಕುಕ್ಕಿದ. ಆರ್ಟನ್ ಸುಮ್ನೆ ಅವನ ಮೇಲೆ ಕೈ ಹಾಕಿ ಗೆದ್ದ. ಮೈಕಲ್ಸ್ ಆಸ್ಟಿನ್ ಹತ್ತಿರ ಕ್ಷಮೆ ಕೇಳಿದ. ಅಜ್ಜನಿಗೂ ಈ ಪಂದ್ಯ ನೆನಪಿತ್ತು. ಅದೇ ವರ್ಷ ಅವರ ಕೆಲಸವೂ ಹೋಗಿತ್ತು. "ನಾನು ಆವತ್ತು ಟಿವಿ ಆರಿಸಿ ಹೊರಗೆ ಹೋಗಿ ಕೂತೆ" ಅಂದರು.

ನಮ್ಮವರು ಈ ಆಟದಲ್ಲಿ ಯಾವ ಕಡೆ ಅಂತ ಅಪ್ಪ ಕೇಳಿದರು. ಜಿಂದರ್ ಮಹಲ್ ಬಗ್ಗೆ ಹೇಳಿದೆ. ಕೆನಡಾದ ಪಂಜಾಬಿ ಹುಡುಗ, 2017ರ ಮೇ ತಿಂಗಳಲ್ಲಿ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆದ. ಗೆದ್ದದ್ದು ಸಿಂಗ್ ಬ್ರದರ್ಸ್ ಅನ್ನುವ ಇಬ್ಬರು ಚೇಲಾಗಳ ಸಹಾಯದಿಂದ. ಅಂದರೆ ಹೀಲ್, ಗುಂಪಿನವನು. ಭಾರತದಲ್ಲಿ ಖುಷಿಪಟ್ಟರು, ಇಲ್ಲಿ ಜನ ಬೂ ಅಂತ ಕೂಗಿದರು. ಅಪ್ಪನಿಗೆ ಇದು ಇಷ್ಟವಾಗಲಿಲ್ಲ. "ಮೂರು ಮಂದಿಯೇನು ಗುಂಪು? ಬಸ್ಸಿನ್ಯಾಗ ಸೀಟು ಹಿಡಿಯಾಕ ಇದಕ್ಕಿಂತ ಜಾಸ್ತಿ ಮಂದಿ ಹೋಗ್ತೀವಿ."

ಆವತ್ತಿನ ವಾರ್‌ಗೇಮ್ಸ್‌ನಲ್ಲಿ ಒಳ್ಳೆಯವರೇ ಗೆದ್ದರು. ಕೊನೆಯಲ್ಲಿ ಎದುರಾಳಿಯನ್ನು ನೆಲಕ್ಕೊತ್ತಿ ಗೆದ್ದದ್ದು ಕೋಡಿ ರೋಡ್ಸ್. ಡಸ್ಟಿಯ ಮಗ! ಅಪ್ಪ ಕೋಡಿಯನ್ನು ಹಿಡಿದುಕೊಂಡದ್ದು ಅಲ್ಲಿಂದ. ಮಾರ್ಚಿನಲ್ಲಿ ದುಗ್ಗಮ್ಮನ ಜಾತ್ರೆ ತಪ್ಪಿದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದವರು, ಡಬ್ಲ್ಯೂಡಬ್ಲ್ಯೂಇಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ ನೋಡಿಕೊಂಡೇ ಊರಿಗೆ ಹೋಗುತ್ತೇನೆ ಅಂದರು.

ಅದು 2024ರ ಏಪ್ರಿಲ್ 7, ಫಿಲಡೆಲ್ಫಿಯಾದಲ್ಲಿ. ರೋಮನ್ ರೇನ್ಸ್ 1,316 ದಿನ ಬೆಲ್ಟ್ ಇಟ್ಟುಕೊಂಡಿದ್ದ. ಅವನ ಹಿಂದೆ ಅಣ್ಣತಮ್ಮಂದಿರ ಗುಂಪು, ಬ್ಲಡ್‌ಲೈನ್. ಹಿಂದಿನ ವರ್ಷ ಕೋಡಿ ಗೆದ್ದೇಬಿಟ್ಟ ಅನ್ನುವಾಗ ಸೋಲೋ ಸಿಕೋವಾ ಬಂದು ಕೆಡಿಸಿದ್ದ. ಈ ಸಲ ಹಿಂದಿನ ರಾತ್ರಿಯ ಪಂದ್ಯವನ್ನೂ ಕೋಡಿ ಕಡೆಯವರು ಸೋತಿದ್ದರಿಂದ ನಿಯಮವೇ ಇಲ್ಲ, ಯಾರು ಬೇಕಾದರೂ ಒಳಗೆ ಬರಬಹುದು. ಅಪ್ಪ ನನ್ನ ಕಡೆ ತಿರುಗಿ, "ಕಾಸು ಅವರಿಗೇ ಬಿತ್ತಲ್ಲ" ಅಂದರು.

ರೋಮನ್ ಕಡೆಯಿಂದ ಜಿಮ್ಮಿ ಬಂದ. ಸೋಲೋ ಬಂದ. ರಾಕ್ ಬಂದ. ಆದರೆ ಈ ಸಲ ಇನ್ನೊಂದು ಕಡೆಯಿಂದಲೂ ಬಂದರು. ಜೇ ಬಂದು ಸ್ವಂತ ಅಣ್ಣ ಜಿಮ್ಮಿಯನ್ನು ಉರುಳಿಸಿದ. ಜಾನ್ ಸೀನ ಬಂದ. ದೀಪ ಆರಿ, ಗಂಟೆ ಹೊಡೆದು, ಅಂಡರ್‌ಟೇಕರ್ ಬಂದು ರಾಕ್‌ನನ್ನು ಎತ್ತಿ ಎಸೆದ. ಹಿಂದೆ ತನಗೆ ಕೈಕೊಟ್ಟಿದ್ದ ಹಳೇ ಗೆಳೆಯ ಸೆತ್ ರಾಲಿನ್ಸ್ ಎದುರಿಗಿದ್ದಾಗ ರೋಮನ್‌ಗೆ ಹಳೆಯ ಸೇಡು ನೆನಪಾಗಿ, ಕೋಡಿಯನ್ನು ಬಿಟ್ಟು ಅವನಿಗೆ ಕುರ್ಚಿಯಲ್ಲಿ ಬಾರಿಸಿದ. ಅಷ್ಟೇ ಸಾಕಾಯಿತು ಕೋಡಿಗೆ. ಒಬ್ಬನೇ ಗೆದ್ದ ಅನ್ನುವಂತಿಲ್ಲ. ಇದು ಮೋಸ ಅಂತ ಮಗ ವಾದ ಮಾಡಿದ, ಸೀನನ ಅಭಿಮಾನಿ ಅವನು. ನನಗೆ ಇದೇ ಸರಿ ಅನ್ನಿಸಿತು. ಕಾಂಕ್ರೀಟಿಗೆ ತಲೆ ಹೊಡೆಸಿಕೊಂಡು ಒಬ್ಬನೇ ಎದ್ದು ಬರುವುದಕ್ಕಿಂತ ಇದು ನಂಬುವಂತಿತ್ತು.

ಅಜ್ಜ ಟಿಶ್ಯೂ ತೆಗೆದುಕೊಂಡು ಮೂಗು ಒರೆಸಿಕೊಂಡರು. ಡಸ್ಟಿ 2015ರಲ್ಲೇ ತೀರಿಕೊಂಡಿದ್ದ, ಡಬ್ಲ್ಯೂಡಬ್ಲ್ಯೂಇಯ ಈ ಬೆಲ್ಟ್ ಅವನಿಗೆ ಸಿಗಲೇ ಇಲ್ಲ ಅಂತ ನಾನು ಅಪ್ಪನಿಗೆ ಹೇಳಿದೆ. ಅಪ್ಪ ಎದ್ದು ಹೋಗಿ ಅಜ್ಜನಿಗೆ ನೀರು ತಂದುಕೊಟ್ಟರು.

ಆ ವಾರವೇ ಅಪ್ಪ ಹೊರಟರು. ಅಜ್ಜ ಆ ಕ್ವಾರ್ಟರ್ ಕಾಸನ್ನು ಅವರ ಅಂಗಿ ಜೇಬಿಗೆ ಹಾಕಿದರು.

ಹೋದ ಭಾನುವಾರ ಫೋನ್ ಮಾಡಿದ್ದೆ. ಗಿರಣಿಯ ಹಳೇ ಬಾಕಿ ಹಣದ ವಿಷಯಕ್ಕೆ ಇನ್ನೂ ಓಡಾಡುತ್ತಿದ್ದಾರೆ. ಬದುಕಿರುವವರು ಹನ್ನೊಂದು ಜನ ಒಟ್ಟಾಗಿ ಹೋಗಿದ್ದರಂತೆ. ಎದುರಿಗೆ ಒಬ್ಬನೇ ಒಬ್ಬ ವಕೀಲ. ದಾಖಲೆ ಸಿಕ್ಕಿಲ್ಲ ಅಂತ ಹೇಳಿ ಐದು ನಿಮಿಷದಲ್ಲಿ ಮುಗಿಸಿ ಹೋದ.

"ಹನ್ನೊಂದು ಮಂದಿ ಇದ್ವಿ ನೋಡಪ್ಪ, ಅವ ಒಬ್ನೇ. ಆದ್ರೂ ಕಾಸು ಅವರಿಗೇ ಬಿತ್ತು."

ಏನು ಹೇಳಬೇಕೋ ತಿಳಿಯದೆ ಸುಮ್ಮನಿದ್ದೆ.

"ಮುಂದಿನ ತಿಂಗಳು ಹನ್ನೆರಡಕ್ಕ ಮತ್ತ ಕರದಾರ. ಹೋಗ್ತೀವಿ. ಅಜ್ಜಂಗೆ ಕೇಳಿದೆ ಅಂತ ಹೇಳು."