ಅಜ್ಜನ ಮನೆ ಪತ್ರ

ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ, ಇದು ಐದನೇ ವರ್ಷ. ವರ್ಷದ ಫೀಸು 5,000 ಡಾಲರ್. ಸೇರಿದಾಗಿಂದ ಅದು ಒಂದು ಡಾಲರೂ ಏರಿಲ್ಲ. ಇಳಿದದ್ದು ನಮ್ಮ ರೂಪಾಯಿ. 2021ರ ಸೆಪ್ಟೆಂಬರ್‌ನಲ್ಲಿ ಡಾಲರಿಗೆ ಸುಮಾರು 74 ರೂಪಾಯಿ ಇತ್ತು, ಅಪ್ಪ 3.7 ಲಕ್ಷ ಕಟ್ಟಿದರು. 2025ರಲ್ಲಿ 88 ಆಯ್ತು. ಅದೇ ಫೀಸಿಗೆ 4.4 ಲಕ್ಷ! 70,000 ಜಾಸ್ತಿ ಅಂದ್ರೆ ನಮ್ಮ ಮನೆಗೆ ಸಣ್ಣ ಮಾತಲ್ಲ.

ಓದಿಗೆ ತೆಗೆದ ಸಾಲ ಏಳೂವರೆ ಲಕ್ಷ ದಾಟಿದ್ದಕ್ಕೆ ಬ್ಯಾಂಕಿನವರು ಅಡಮಾನ ಕೇಳಿದರು. ಚನ್ನಗಿರಿಯ ಮನೆ ಪತ್ರ ಕೊಟ್ಟೆವು. ಅಜ್ಜ ಕಟ್ಟಿಸಿದ ಮನೆ. ಅಪ್ಪ ಸಹಿ ಹಾಕುವಾಗ ಅಮ್ಮ ಒಂದು ಮಾತೂ ಆಡಲಿಲ್ಲ.

ಹೊರಡೋಕೆ ರೆಡಿ ಆಗಿರುವವರೇ, ಏಜೆಂಟ್ ಹೇಳಿದ ಫೀಸನ್ನಷ್ಟೇ ನಂಬಬೇಡಿ. ವಾಪಸ್ ಬಂದು ಎಫ್‌ಎಂಜಿಇ, ಅಂದ್ರೆ ಹೊರದೇಶದಲ್ಲಿ ಡಾಕ್ಟರ್ ಓದಿದವರಿಗೆ ಇಲ್ಲಿರುವ ಪರೀಕ್ಷೆ, ಪಾಸಾಗಬೇಕು, ಮತ್ತೆ ಇಂಟರ್ನ್‌ಶಿಪ್ ಮಾಡಬೇಕು. ಆ ದಿನಗಳ ಖರ್ಚನ್ನೂ ಅಪ್ಪ ಅಮ್ಮನ ಜೊತೆ ಕೂತು ಈಗಲೇ ಬರೆದಿಡಿ. ನಾವು ಬರೆದಿರಲಿಲ್ಲ.